ತಟ್ಟೆಯೇ ಗುರುವಾದಾಗ

ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನು ತಟ್ಟೆಗೆ ಮನಸೋತು, 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟ ಕಥೆ ಕನ್ನಡಿಗರಿಗೆ ಹೊಸದಲ್ಲ. ಸುಮಾರು ಹತ್ತು ವರ್ಷಗಳ ತರುವಾಯ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಇನ್ನೊಬ್ಬ ತರುಣನೂ ತಟ್ಟೆಯೊಂದಕ್ಕೆ ಮರುಳಾದನು. ಆದರೆ ಆತನು ಅರಸಿಕೊಂಡು ಹೋಗಲು ಗುರುವೇ ಉಳಿದಿರಲಿಲ್ಲ.

ತರುಣನ ಹೆಸರು ವೆಸ್ ಮಾಂಟ್ಗೊಮೆರಿ, ವಯಸ್ಸು ಇಪ್ಪತ್ತರ ಆಸುಪಾಸು, ಹೊಸದಾಗಿ ಮದುವೆಯಾದವನು. ಆತ ಕೇಳಿದ್ದು ಬೆನ್ನಿ ಗುಡ್‌ಮನ್ನನ ವಾದ್ಯವೃಂದದೊಡನೆ ಚಾರ್ಲಿ ಕ್ರಿಶ್ಚಿಯನ್ 1941ರಲ್ಲಿ ನುಡಿಸಿದ ‘ಸೋಲೋ ಫ್ಲೈಟ್’ ಎಂಬ ಗಿಟಾರ್ ವಾದನ. ಮೂರು ನಿಮಿಷವೂ ಇಲ್ಲದ ಕೃತಿ ಅದು. ಅದನ್ನು ನುಡಿಸಿದ ಮರುವರ್ಷವೇ ಕ್ರಿಶ್ಚಿಯನ್ ಕ್ಷಯರೋಗದಿಂದ ತೀರಿಕೊಂಡಿದ್ದನು, ತನ್ನ 25ನೆಯ ವಯಸ್ಸಿನಲ್ಲಿ.

ಮಾಂಟ್ಗೊಮೆರಿ ಬಾಲ್ಯದಲ್ಲಿ ನಾಲ್ಕು ತಂತಿಯ ಗಿಟಾರನ್ನು ನುಡಿಸಿದ್ದುಂಟು. ಈಗ ಆರು ತಂತಿಯ ವಿದ್ಯುತ್ ಗಿಟಾರನ್ನೂ ಧ್ವನಿವರ್ಧಕವನ್ನೂ ಕೊಂಡು ತಂದನು. ಸ್ವರಲಿಪಿ ಓದಲು ಬಾರದು, ಹೇಳಿಕೊಡುವವರಿಲ್ಲ. ಕಿವಿಯೊಂದೇ ಗತಿ.

ಈ ವಿದ್ಯೆ ನೋಡಿದಷ್ಟು ಸುಲಭವಲ್ಲ. ಅಂದಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸ್ವರಗಳೂ ಒಂದು ಇಡೀ ಸ್ಥಾಯಿ ಕೆಳಕ್ಕೆ ಜಾರುತ್ತವೆ, ವಾದ್ಯದ ಧ್ವನಿಯೂ ಗುರುತು ಸಿಗದಂತೆ ಮಂಕಾಗುತ್ತದೆ. ಆದ್ದರಿಂದ ಮುಳ್ಳನ್ನು ಎತ್ತಿ ಮತ್ತೆ ಅದೇ ಗೆರೆಯ ಮೇಲಿಡುವುದು, ಒಂದು ತುಣುಕನ್ನು ಕೇಳುವುದು, ತಂತಿಯ ಮೇಲೆ ತಡಕುವುದು. ಗಿಟಾರಿನಲ್ಲಿ ಒಂದೇ ಸ್ವರ ಎರಡು ಮೂರು ತಂತಿಗಳಲ್ಲಿ ದೊರೆಯುತ್ತದೆ. ಯಾವ ತಂತಿ, ಯಾವ ಬೆರಳು ಎಂಬುದನ್ನು ತಟ್ಟೆ ಹೇಳುವುದಿಲ್ಲ. ಸ್ವರ ಸಿಕ್ಕಿದ ಮೇಲೂ ಬೆರಳು ಮುಂದಿನ ಸ್ವರಕ್ಕೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಬೇರೊಂದು ದಾರಿಯನ್ನು ತಾನೇ ಹುಡುಕಬೇಕು. ಇದನ್ನು ಬರಿಯ ನಕಲು ಎನ್ನುವವರು ಒಮ್ಮೆ ಕುಳಿತು ನೋಡಬೇಕು!

ನೆರೆಹೊರೆಯವರಿಗೆ ಈ ಸಾಧನೆಯ ಸದ್ದು ಸಹಿಸಲಾಗಲಿಲ್ಲ. ತಂತಿ ಮೀಟುವ ಬಿಲ್ಲೆಯನ್ನು ಬದಿಗಿಟ್ಟು ಆತ ಹೆಬ್ಬೆರಳಿನಿಂದಲೇ ಮೀಟತೊಡಗಿದನು. ಸದ್ದು ತಗ್ಗಿತು, ನಾದವೂ ಮೃದುವಾಯಿತು.

ಕ್ರಿಶ್ಚಿಯನ್‌ನ ವಾದನಗಳನ್ನು ಯಥಾವತ್ತಾಗಿ ನುಡಿಸಬಲ್ಲವನೆಂದು ಊರಿನ ಕ್ಲಬ್ಬೊಂದು ಆತನಿಗೆ ಕೆಲಸ ಕೊಟ್ಟಿತು. ಕಲಿತ ಭಾಗ ಬಂದಾಗ ಸಭೆ ತಲೆದೂಗುತ್ತಿತ್ತು. ಅದು ಮುಗಿದೊಡನೆ ಉಳಿದವರು ನುಡಿಸುತ್ತಿದ್ದರೆ ಆತ ಕೈಕಟ್ಟಿ ಸುಮ್ಮನಿರಬೇಕಾಗುತ್ತಿತ್ತು. ತಟ್ಟೆಯಲ್ಲಿ ಇದ್ದುದಕ್ಕಿಂತ ಒಂದು ಸ್ವರವೂ ಹೆಚ್ಚಿಗೆ ಆತನಲ್ಲಿರಲಿಲ್ಲ. ಮೆಚ್ಚುಗೆಯೆಲ್ಲ ಸತ್ತವನಿಗೆ ಸಲ್ಲಬೇಕಾದುದೆಂದು ಆತನಿಗಿಂತ ಚೆನ್ನಾಗಿ ಬಲ್ಲವರಾರು?

ಆ ಮೌನವನ್ನು ತುಂಬಲು ವರ್ಷಗಳೇ ಹಿಡಿದುವು. 1948ರಿಂದ ಎರಡು ವರ್ಷ ಲಯೊನೆಲ್ ಹ್ಯಾಂಪ್ಟನ್ನನ ವಾದ್ಯವೃಂದದಲ್ಲಿ ಊರೂರು ಸುತ್ತಿದನು. ಬಳಿಕ ಮನೆಗೆ ಮರಳಿ ಹಗಲು ಕಾರ್ಖಾನೆಯ ದುಡಿಮೆ, ರಾತ್ರಿ ಕ್ಲಬ್ಬುಗಳಲ್ಲಿ ವಾದನ. ಮನೆತುಂಬ ಮಕ್ಕಳು; ನಿದ್ದೆಗೆ ಹೊತ್ತೆಲ್ಲಿ? ಆದರೂ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಹೆಬ್ಬೆರಳಿನಿಂದ ಮೀಟಿ, ಇಡೀ ರಾಗಮಾಲೆಯನ್ನೇ ಹಾಗೆ ಹೆಣೆಯುವ ಕ್ರಮವೊಂದು ಆತನ ಕೈಯಲ್ಲಿ ಪಳಗಿತು. ಅದು ಕ್ರಿಶ್ಚಿಯನ್‌ನ ತಟ್ಟೆಗಳಿಂದ ಬಂದುದಲ್ಲ. ಅದನ್ನು ಅಭ್ಯಾಸಮಾಡುವಾಗ ತನಗೆ ತಲೆನೋವು ಬರುತ್ತಿತ್ತೆಂದು ಆತನೇ ಹೇಳಿಕೊಂಡಿದ್ದಾನೆ. 1960ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’ ಎಂಬ ಧ್ವನಿಮುದ್ರಿಕೆ ಆತನ ಹೆಸರನ್ನು ಎಲ್ಲೆಡೆ ಹಬ್ಬಿಸಿತು.

1968ರ ಜೂನಿನಲ್ಲಿ ಹೃದಯಾಘಾತದಿಂದ ಆತ ತೀರಿಕೊಂಡಾಗ ವಯಸ್ಸು 45. ಸ್ವರಲಿಪಿಯನ್ನು ಕೊನೆಯವರೆಗೂ ಕಲಿತಿರಲಿಲ್ಲ.