ಡಂಪರ್ ಸವೆದರೆ ಲೆಕ್ಕ, ಗಣಿ ಬರಿದಾದರೆ?

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲಿನ ರೇಕ್ ಬಂದು ನಿಂತಾಗ ನೋಡಬೇಕು. ಹೆಚ್ಚೂಕಡಿಮೆ 58 ವ್ಯಾಗನ್, ಮೂರೂವರೆ ಸಾವಿರ ಟನ್‌ಗೂ ಮಿಕ್ಕ ಸರಕು. ಕೋಟ್ಯಂತರ ವರ್ಷ ನೆಲದಡಿ ಕೂತಿದ್ದದ್ದು ನೋಡನೋಡುತ್ತಲೇ ಬೂದಿ. ದೇಶದಲ್ಲಿ 2024-25ರಲ್ಲಿ ಹೀಗೆ ಅಗೆದದ್ದು 100 ಕೋಟಿ ಟನ್‌ಗೂ ಹೆಚ್ಚು. 2025ರ ಮಾರ್ಚ್‌ನಲ್ಲಿ ಆ ಗಡಿ ದಾಟಿದಾಗ ಎಲ್ಲೆಡೆ ಅದನ್ನು ಸಾಧನೆ ಎಂದೇ ಕೊಂಡಾಡಿದರು.

ನನ್ನ ತಕರಾರು ಅಗೆದದ್ದಕ್ಕಲ್ಲ, ಬರೆದಿಟ್ಟ ಲೆಕ್ಕಕ್ಕೆ. ಗಣಿಯಲ್ಲಿ ಓಡುವ ಡಂಪರ್ ಸವೆದರೆ ಅದನ್ನು ಸವಕಳಿ ಎಂದು ನಿವ್ವಳ ಉತ್ಪನ್ನದಲ್ಲಿ ಕಳೆಯುತ್ತಾರೆ. ಡಂಪರ್ ಹಳತಾದರೆ ಹೊಸದು ಬರುತ್ತದೆ. ಅದು ಹೊತ್ತು ತಂದ ಕಲ್ಲಿದ್ದಲು ಮತ್ತೆ ಹುಟ್ಟುವುದಿಲ್ಲ. ಆ ನಷ್ಟಕ್ಕೆ ಮಾತ್ರ ಕಾಲಂ ಇಲ್ಲ. ಜಮೀನು ಮಾರಿ ಬಂದ ದುಡ್ಡನ್ನು ಫಸಲಿನ ದುಡ್ಡು ಎಂದು ಬರೆದುಕೊಳ್ಳುವ ರೈತ ನಮ್ಮಲ್ಲಿ ಯಾರಿದ್ದಾರೆ?

ಹಾಗಾದರೆ ಕಳೆಯಬೇಕಾದದ್ದು ಎಷ್ಟು? ವಿಶ್ವಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞ ಸಲಾಹ್ ಎಲ್ ಸೆರಾಫಿ ಹೇಳಿಕೊಟ್ಟ ದಾರಿ ನಮ್ಮ ಹಿರಿಯರ ಅಸಲು-ಬಡ್ಡಿಯ ವಿವೇಕವೇ. ಒಂದು ಗಣಿಯಿಂದ ಖರ್ಚು ಕಳೆದು ವರ್ಷಕ್ಕೆ 100 ರೂಪಾಯಿ ಉಳಿಯುತ್ತದೆ, 10 ವರ್ಷಕ್ಕೆ ನಿಕ್ಷೇಪ ಮುಗಿಯುತ್ತದೆ, ಬಡ್ಡಿ ಶೇ 5 ಎಂದಿಟ್ಟುಕೊಳ್ಳಿ. ವರ್ಷವರ್ಷವೂ 61 ರೂಪಾಯಿ ಚಿಲ್ಲರೆ ತೆಗೆದಿಟ್ಟರೆ ಗಣಿ ಮುಚ್ಚುವ ಹೊತ್ತಿಗೆ ಸುಮಾರು 770 ರೂಪಾಯಿ ಗಂಟಾಗುತ್ತದೆ. ಅದರ ಬಡ್ಡಿ ವರ್ಷಕ್ಕೆ 38-39 ರೂಪಾಯಿ, ಎಂದೆಂದಿಗೂ. ಉಣ್ಣಬಹುದಾದ ಆದಾಯ ಅಷ್ಟೇ. ಮಿಕ್ಕ 61 ಅಸಲು.

ಬಡ್ಡಿಯನ್ನು ಶೇ 10 ಎಂದು ಊಹಿಸಿಕೊಂಡರೆ ತೆಗೆದಿಡಬೇಕಾದದ್ದು ಒಮ್ಮೆಗೇ 39ಕ್ಕೆ ಇಳಿಯುತ್ತದೆ. ಗಣಿ ಅದೇ, ಕಲ್ಲಿದ್ದಲು ಅಷ್ಟೇ. ನಾಳಿನ ಬಗ್ಗೆ ನಾವು ಇಟ್ಟ ಭರವಸೆಯೊಂದೇ ಬದಲಾದದ್ದು. ಹಾಗಾಗಿ ಈ ಬಡ್ಡಿ ದರದ ಆಯ್ಕೆಯನ್ನು ಬರೀ ತಜ್ಞರ ಕೈಗೆ ಬಿಡಬಾರದು ಎನ್ನುವವನು ನಾನು.

ಇಂಡೋನೇಷ್ಯಾದ ಕಥೆ ಕೇಳಿ. ತೈಲದ ಬಲದಿಂದ 1971ರಿಂದ 1984ರವರೆಗೆ ಅದರ ಜಿಡಿಪಿ ವರ್ಷಕ್ಕೆ ಶೇ 7.1ರಂತೆ ಬೆಳೆಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ರೆಪೆಟ್ಟೊ ಮತ್ತು ಸಂಗಡಿಗರು 1989ರಲ್ಲಿ ಕರಗಿದ ತೈಲ, ಕಡಿದ ಕಾಡು, ಕೊಚ್ಚಿಹೋದ ಮಣ್ಣಿನ ಬೆಲೆ ಕಳೆದು ನೋಡಿದರು. ಉಳಿದದ್ದು ಶೇ 4. ಅವರ ಅಳತೆಯಲ್ಲೂ ತೊಡಕಿತ್ತು: ತೈಲ ನಿಕ್ಷೇಪದ ಮೌಲ್ಯ ಏರಿದ 1974ರಲ್ಲಿ ನಿವ್ವಳ ಉತ್ಪನ್ನವೇ ಜಿಡಿಪಿಯನ್ನು ಮೀರಿಸಿಬಿಟ್ಟಿತು! ಎಲ್ ಸೆರಾಫಿ ವಿಧಾನ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದಕ್ಕೇ. ಮುಂದೆ ಇಂಡೋನೇಷ್ಯಾ ತೈಲ ಆಮದು ಮಾಡಿಕೊಳ್ಳುವ ದೇಶವಾಯಿತು. 2009ರಲ್ಲಿ ಒಪೆಕ್‌ನಿಂದ ಹೊರಬಂತು.

ನಮ್ಮಲ್ಲಿ ನೂರು ಕೋಟಿ ಟನ್‌ನ ಸಂಭ್ರಮ ನಡೆದ ಅದೇ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ರಾಷ್ಟ್ರೀಯ ಲೆಕ್ಕಪದ್ಧತಿಯ ಹೊಸ ನಿಯಮಾವಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ನಿಸರ್ಗ ಸಂಪತ್ತು ಕರಗುವುದೂ ಉತ್ಪಾದನೆಯ ವೆಚ್ಚವೇ. ಗೋವಾದ ಕಬ್ಬಿಣದ ಅದಿರಿಗಾಗಿ ಸುಪ್ರೀಂ ಕೋರ್ಟ್ 2014ರಲ್ಲೇ ಶಾಶ್ವತ ನಿಧಿ ಮಾಡಿಸಿ, ಮಾರಾಟದ ಹಣದಲ್ಲಿ ಶೇ 10 ಅದಕ್ಕೆ ಹೋಗಬೇಕೆಂದಿತು. ಕಲ್ಲಿದ್ದಲಿನ ರಾಜಧನ ಮಾತ್ರ ಇಂದಿಗೂ ರಾಜ್ಯಗಳ ಬಜೆಟ್ಟಿನಲ್ಲಿ ರಾಜಸ್ವ ಸ್ವೀಕೃತಿಯೆಂದೇ ಕೂತು, ಸಂಬಳ-ಪಿಂಚಣಿಗಳ ಜೊತೆ ಖರ್ಚಾಗುತ್ತಿದೆ.