ಬೇಸಿಗೆ ಪ್ರವಾಸದಲ್ಲಿ ಪುಟ್ಟ ಮಕ್ಕಳು: ಹೆದರಬೇಕಾದದ್ದು ಯಾವುದಕ್ಕೆ?

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿತೆಂದರೆ ಮೇ ಮುಗಿಯುವವರೆಗೆ ನಮ್ಮ ಬಸ್ಸು, ರೈಲು, ಕಾರುಗಳಲ್ಲಿ ಮಕ್ಕಳದೇ ಗಲಾಟೆ. ಅಜ್ಜಿ ಮನೆ, ಧರ್ಮಸ್ಥಳ, ಗೋಕರ್ಣ, ಊಟಿ. ಹೊರಡುವ ಹಿಂದಿನ ದಿನದಿಂದಲೇ ಮನೆಯವರ ಎಚ್ಚರಿಕೆಗಳೂ ಶುರು: ಎಳನೀರು ಕುಡಿಸಬೇಡಿ, ಶೀತ ಆಗುತ್ತೆ, ಐಸ್‌ಕ್ರೀಮ್ ಕೊಡಿಸಬೇಡಿ, ಘಾಟಿ ಇಳಿಯುವ ಮುಂಚೆ ಏನೂ ತಿನ್ನಿಸಬೇಡಿ. ಈ ಕಾಳಜಿ ನಿಜವಾದದ್ದೇ. ಆದರೆ ಐಸ್‌ಕ್ರೀಮ್‌ಗೆ ಅಷ್ಟು ಹೆದರುವ ಮನೆಯವರೇ ಮಗುವನ್ನು ಕಾರಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ನಿಶ್ಚಿಂತೆಯಿಂದ ಹೊರಟುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ನೆಗಡಿ ಬರುವುದು ವೈರಸ್‌ನಿಂದ. ತಣ್ಣಗಿನ ತಿಂಡಿಯಿಂದಾಗಲಿ, ಎಳನೀರಿನಿಂದಾಗಲಿ ಅಲ್ಲ. ಪ್ರವಾಸದಲ್ಲಿ ಮಕ್ಕಳಿಗೆ ಶೀತ ಹಿಡಿಯುವುದು ಜನಜಂಗುಳಿಯಲ್ಲಿ, ಯಾರೋ ಕೆಮ್ಮಿದ ಕೈ ಮುಟ್ಟಿದ ಬಸ್ಸಿನ ಕಂಬಿಯನ್ನು ಹಿಡಿದು ಅದೇ ಕೈಯನ್ನು ಬಾಯಿಗೋ ಮೂಗಿಗೋ ಇಟ್ಟುಕೊಂಡಾಗ. ಸೋಪು ಹಾಕಿ ಕೈ ತೊಳೆಸುವುದು ಮುಖ್ಯ. ಆ ವಿಷಯ ಅಷ್ಟಕ್ಕೆ ಮುಗಿಯಿತು.

ತೊಡೆಯ ವಿಷಯ ಹಾಗೆ ಮುಗಿಯುವಂಥದ್ದಲ್ಲ. ‘ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೀನಲ್ಲ’ ಎಂದು ಪ್ರತಿ ತಾಯಿಯೂ ಮನಸಾರೆ ನಂಬಿರುತ್ತಾಳೆ. ಲೆಕ್ಕ ಹಾಕಿ ನೋಡೋಣ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಮಗುವಿನ ತೂಕ 10 ಕೆ.ಜಿ. ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಆ ಕ್ಷಣ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಭಾರವನ್ನು ತಡೆಯುವಷ್ಟು ಬಲ ಬೇಕು. ಅಷ್ಟು ಬಲ ಯಾವ ತಾಯಿಯ ತೋಳಿನಲ್ಲೂ ಇರುವುದಿಲ್ಲ, ಪೈಲ್ವಾನನ ತೋಳಿನಲ್ಲೂ ಇರುವುದಿಲ್ಲ. ತಾಯಿ, ಮಗು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಇನ್ನೂ ಅಪಾಯ, ತಾಯಿಯ ಭಾರವೇ ಮಗುವನ್ನು ಬೆಲ್ಟಿಗೆ ಒತ್ತಿ ಜಜ್ಜುತ್ತದೆ. ದೊಡ್ಡವರನ್ನು ಉಳಿಸುವ ಏರ್‌ಬ್ಯಾಗ್ ಮುಂದಿನ ಸೀಟಿನ ಪುಟ್ಟ ಮಗುವಿನ ಪಾಲಿಗೆ ಮಾರಕವಾಗಬಹುದು. ಮಕ್ಕಳ ಜಾಗ ಹಿಂದಿನ ಸೀಟು, ಅದೂ ವಯಸ್ಸಿಗೆ ತಕ್ಕ ಚೈಲ್ಡ್ ಸೀಟಿನಲ್ಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ. ಬಟ್ಟೆಬರೆ, ಹೋಟೆಲು, ರೆಸಾರ್ಟಿಗೆ ಸಾವಿರಗಟ್ಟಲೆ ಸುರಿಯುವವರು ಈ ಒಂದು ಸೀಟನ್ನು ಮಾತ್ರ ‘ದುಬಾರಿ’ ಎನ್ನುವುದನ್ನು ನಾನು ಒಪ್ಪಲಾರೆ.

ಕಾರಿನದೇ ಇನ್ನೊಂದು ನಂಬಿಕೆ: ‘ಮಗು ಮಲಗಿದೆ, ಗಾಜು ಸ್ವಲ್ಪ ಇಳಿಸಿದ್ದೀವಿ, ಐದು ನಿಮಿಷದಲ್ಲಿ ದರ್ಶನ ಮಾಡಿ ಬಂದುಬಿಡೋಣ.’ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಗಾಜನ್ನು ಬೆರಳಷ್ಟು ಇಳಿಸಿದ್ದರಿಂದ ಏನೂ ಪ್ರಯೋಜನವಿಲ್ಲ. ಪುಟ್ಟ ಮಕ್ಕಳ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ. ಎಬ್ಬಿಸಿದರೆ ಅಳುತ್ತದೆ, ಅಳಲಿ, ಎತ್ತಿಕೊಂಡೇ ಹೋಗಿ.

ಇನ್ನು ಘಾಟಿಗೆ ಬರೋಣ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ವಾಂತಿಯಾಗದಿರಲಿ ಎಂದು ಮಕ್ಕಳನ್ನು ಬೆಳಗಿನಿಂದ ಉಪವಾಸ ಕೆಡವುವವರಿದ್ದಾರೆ. ವಾಂತಿಗೆ ಕಾರಣ ಹೊಟ್ಟೆಯಲ್ಲಿಲ್ಲ. ಒಳಕಿವಿ ‘ಓಲಾಡುತ್ತಿದ್ದೇವೆ’ ಎನ್ನುತ್ತದೆ, ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಅಲುಗಾಡದೆ ಕೂತಿದ್ದೇವೆ’ ಎನ್ನುತ್ತದೆ. ಮೆದುಳಿಗೆ ಬರುವ ಈ ಎರಡು ಸುದ್ದಿಗಳು ತಾಳೆಯಾಗದೆ ವಾಕರಿಕೆ ಬರುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಖಾಲಿ ಹೊಟ್ಟೆಯಿಂದ ಸಂಕಟ ಇನ್ನೂ ಜಾಸ್ತಿಯಾಗುತ್ತದೆ. ಒಂದು ಇಡ್ಲಿಯೋ, ನಾಲ್ಕು ತುತ್ತು ಮೊಸರನ್ನವೋ ಆಗಲಿ. ಎಣ್ಣೆ ತಿಂಡಿ ಬೇಡ. ಮಗು ಅಳುತ್ತದೆಂದು ಮೊಬೈಲ್ ಕೊಡುವುದಂತೂ ವಾಂತಿಗೆ ಆಹ್ವಾನ ಕೊಟ್ಟಂತೆ. ಕಿಟಕಿ ತೆಗೆದು ದೂರದ ಬೆಟ್ಟ ತೋರಿಸಿ. ದೊಡ್ಡವರಿಗೆಂದು ತಂದ ವಾಂತಿ ಮಾತ್ರೆಯನ್ನು ಮುರಿದು ಕೊಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅಂಥ ಕೆಲವು ಮಾತ್ರೆಗಳಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು.

ಭೇದಿಯ ಬಗ್ಗೆಯಂತೂ ತಪ್ಪು ನಂಬಿಕೆಗಳ ದೊಡ್ಡ ಗಂಟೇ ಇದೆ. ‘ಹಲ್ಲು ಬರ್ತಿದೆ, ಅದಕ್ಕೇ ಭೇದಿ’ ಎನ್ನುವುದು ಒಂದು. ಹಲ್ಲು ಭೇದಿ ತರುವುದಿಲ್ಲ. ಹಲ್ಲು ಬರುವ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಸೋಂಕು ಒಳಗೆ ಹೋಗುವುದು ಆ ದಾರಿಯಲ್ಲಿ. ‘ಊಟ ನಿಲ್ಲಿಸಿದರೆ ಭೇದಿ ನಿಲ್ಲುತ್ತೆ’ ಎನ್ನುವುದು ಇನ್ನೊಂದು, ಅದೂ ಸುಳ್ಳು. ಎದೆಹಾಲು, ಮೆತ್ತನೆಯ ಅನ್ನ ಎಂದಿನಂತೆ ಕೊಡಲೇಬೇಕು.

ಭೇದಿಯಲ್ಲಿ ಕಳೆದುಹೋದ ನೀರು, ಉಪ್ಪನ್ನು ತುಂಬಿಕೊಡುವ ಓಆರ್‌ಎಸ್ ವಿಷಯದಲ್ಲಿ ನಾವು ಎಷ್ಟು ಉದಾಸೀನರೆಂದು ನೋಡಿದರೆ ನನಗೆ ಸಂಕಟವಾಗುತ್ತದೆ. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹರಡಿ ಸಲೈನ್ ಬಾಟಲಿಗಳು ಖಾಲಿಯಾದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಂಥ ಔಷಧ ಇಂದು ಯಾವ ಮೆಡಿಕಲ್ ಶಾಪಿನಲ್ಲೂ ಕೆಲವೇ ರೂಪಾಯಿಗೆ ಸಿಗುತ್ತದೆ. ಆದರೆ ನಾವು ಅದನ್ನು ಕಲಸುವುದು ಹೇಗೆ? ಒಂದು ಲೋಟ ನೀರಿಗೆ ಕಣ್ಣಂದಾಜಿನಲ್ಲಿ ಅರ್ಧ ಪೊಟ್ಟಣ. ದೊಡ್ಡ ಪೊಟ್ಟಣದ ಹಿಂಬದಿಯಲ್ಲಿ ‘1 ಲೀಟರ್’ ಎಂದು ಬರೆದಿರುತ್ತದೆ. ಪೂರ್ತಿ ಪೊಟ್ಟಣವನ್ನು ಪೂರ್ತಿ ಲೀಟರ್ ಕುಡಿಯುವ ನೀರಿಗೆ ಹಾಕಬೇಕು. ನೀರು ಕಡಿಮೆಯಾದರೆ ಉಪ್ಪಿನಂಶ ಮಗುವಿಗೆ ಹಾನಿ ಮಾಡುವಷ್ಟು ಹೆಚ್ಚುತ್ತದೆ. ಕಲಸಿದ್ದನ್ನು 24 ಗಂಟೆ ದಾಟಿದ ಮೇಲೆ ಚೆಲ್ಲಿ. ವಾಂತಿಯಾಯಿತೆಂದು ನಿಲ್ಲಿಸಬೇಡಿ, ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ರಟ್ಟಿನ ಡಬ್ಬಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವುಗಳ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, ಇಂಥ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು.

ಆರು ತಿಂಗಳೊಳಗಿನ ಕೂಸಿಗೆ ಬಿಸಿಲೆಂದು ನೀರು ಕುಡಿಸುವುದೂ ಬೇಡ. ಎಷ್ಟೇ ಸೆಕೆ ಇರಲಿ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ. ಪದೇ ಪದೇ ಹಾಲೂಡಿಸಿದರೆ ಸಾಕು.

ಕೊನೆಯದು ನೀರಾಟ. ಪ್ರತಿ ಬೇಸಿಗೆಯಲ್ಲೂ ಹೊಳೆ, ಕೆರೆ, ಕಡಲಿನಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುತ್ತಲೇ ಇರುತ್ತೇವೆ. ‘ಮುಳುಗಿದರೆ ಕೂಗ್ತಾರೆ, ಕೇಳಿಸುತ್ತೆ’ ಎಂಬ ನಂಬಿಕೆಯಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಚೂರು ಹೊತ್ತು ಉಸಿರೆಳೆಯುವುದಕ್ಕೇ ಸಾಲುವುದಿಲ್ಲ, ಇನ್ನು ಕೂಗುವುದೆಲ್ಲಿ? ಕೈ ಬೀಸಿ ಕರೆಯಲೂ ಆಗುವುದಿಲ್ಲ, ಕೈಗಳು ನೀರನ್ನು ಒತ್ತುವುದರಲ್ಲೇ ತೊಡಗಿರುತ್ತವೆ. ಹತ್ತು ಹೆಜ್ಜೆ ದೂರದಲ್ಲಿ ಬುತ್ತಿ ಬಿಚ್ಚಿ ಕೂತವರಿಗೆ ಮಗು ಆಡುತ್ತಿರುವಂತೆಯೇ ಕಾಣುತ್ತದೆ. ‘ಮೊಣಕಾಲುದ್ದ ನೀರು’ ಎಂಬ ಧೈರ್ಯವೂ ಸಲ್ಲದು, ಮರಳು ತೆಗೆದ ಹೊಳೆಯಲ್ಲಿ ಮುಂದಿನ ಹೆಜ್ಜೆಗೇ ಆಳುದ್ದದ ಗುಂಡಿ ಇರಬಹುದು. ಗಾಳಿ ತುಂಬಿದ ಟ್ಯೂಬು ಆಟದ ಸಾಮಾನು, ಜೀವರಕ್ಷಕವಲ್ಲ.

ಆದ್ದರಿಂದ ಈ ರಜೆಯಲ್ಲಿ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ, ಎಳನೀರು ಕುಡಿಸಿ. ಕಾರಿನಲ್ಲಿ ಹಿಂದೆ, ಚೈಲ್ಡ್ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ. ಬ್ಯಾಗಿನಲ್ಲಿ ಎರಡು ಪೊಟ್ಟಣ ಓಆರ್‌ಎಸ್, ಒಂದು ಲೀಟರಿನ ಬಾಟಲಿ ಇರಲಿ. ನೀರಿಗಿಳಿದಾಗ ಮನೆಯ ದೊಡ್ಡವರಲ್ಲಿ ಒಬ್ಬರು ಮೊಬೈಲನ್ನು ದಡದಲ್ಲೇ ಬಿಟ್ಟು, ಕೈಗೆಟಕುವಷ್ಟು ಹತ್ತಿರದಲ್ಲಿ ಮಗುವನ್ನೇ ನೋಡುತ್ತಾ ನಿಲ್ಲಲಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಊರು ಮುಟ್ಟುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ.