ಲಾರಿಯ ಗೇರ್ ಬಾಕ್ಸ್ ಕೆಟ್ಟರೆ: ಹಳೆಯದೊಂದನ್ನು ಕೊಳ್ಳುವುದೋ, ಇದ್ದುದನ್ನೇ ಬಿಚ್ಚಿ ಕಟ್ಟಿಸುವುದೋ?

ಎತ್ತು ಕುಂಟಿದರೆ ನಮ್ಮ ಹಿರಿಯರು ಮೊದಲು ಅದರ ಗೊರಸನ್ನು ಎತ್ತಿ ನೋಡುತ್ತಿದ್ದರು. ಬೇರೆ ಎತ್ತಿಗಾಗಿ ಸಂತೆಗೆ ಹೋಗುವ ಮಾತು ಆಮೇಲಿನದು. ಈಗ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿರುವ ನಮ್ಮ ಕನ್ನಡ ಮನೆಗಳ ಎಷ್ಟೋ ಅಂಗಳಗಳಲ್ಲಿ ಎತ್ತು ನಿಲ್ಲುತ್ತಿದ್ದ ಜಾಗದಲ್ಲಿ ಲಾರಿಯೋ ಟೆಂಪೋವೋ ನಿಂತಿದೆ. ಪೊಳ್ಳಾಚಿ ಸೀಮೆಯ ತೆಂಗಿನಕಾಯಿ, ಉಡುಮಲಪೇಟೆಯ ಟೊಮೇಟೊ, ಪಲ್ಲಡದ ಕೋಳಿ, ಎಲ್ಲವೂ ಅದರ ಮೇಲೆಯೇ ಸಾಗಬೇಕು. ಆದರೆ ಅದರ ಗೇರ್ ಬಾಕ್ಸ್ ಕೆಟ್ಟಾಗ ಗೊರಸು ಎತ್ತಿ ನೋಡುವ ಹಿರಿಯರ ಪದ್ಧತಿಯನ್ನು ನಾವು ಮರೆತುಬಿಡುತ್ತೇವೆ.

ನೆಗಮದ ಹತ್ತಿರದ ಒಂದು ಹಳ್ಳಿಯಲ್ಲಿ ನಾವು ಕಂಡ ಸಂಗತಿ ಇದು. ಅಣ್ಣತಮ್ಮಂದಿರಿಬ್ಬರು ಸೇರಿ ತೆಂಗಿನಕಾಯಿ ಸಾಗಿಸಲು ಒಂದು ಹಳೆಯ ಲಾರಿ ಇಟ್ಟಿದ್ದರು. ಏರಿನಲ್ಲಿ ಮೂರನೆಯ ಗೇರು ತಾನಾಗಿಯೇ ಹಾರಿ ನ್ಯೂಟ್ರಲಿಗೆ ಬರತೊಡಗಿತು. ಕೊಯ್ಲಿನ ಕಾಲ, ಗಾಡಿ ನಿಲ್ಲಿಸುವಂತಿಲ್ಲ. ಒಡೆದ ಲಾರಿಯೊಂದರಿಂದ ತೆಗೆದ ಗೇರ್ ಬಾಕ್ಸ್ ಸಿಕ್ಕಿತೆಂದು ತಂದು ಹಾಕಿಸಿದರು, ತಮ್ಮದನ್ನು ತೂಕಕ್ಕೆ ಮಾರಿದರು. ನಾಲ್ಕು ತಿಂಗಳೊಳಗೆ ತಂದದ್ದರ ಬೇರಿಂಗು ಪುಡಿಯಾಯಿತು. ಆಗ ಬಿಚ್ಚಿದ ಮೇಸ್ತ್ರಿ ತೋರಿಸಿದ್ದೇನೆಂದರೆ, ಪೆಟ್ಟಿಗೆಯನ್ನು ಚಾಸಿಗೆ ಕೂರಿಸುವ ರಬ್ಬರ್ ಮೌಂಟಿಂಗ್ ಹರಿದು ಎಷ್ಟೋ ಕಾಲವಾಗಿತ್ತು. ಮೊದಲಿನ ಗೇರು ಹಾರುತ್ತಿದ್ದುದು ಬಹುಶಃ ಅದರಿಂದಲೇ. "ಹಣ ಹೋದದ್ದಕ್ಕೆ ಅಲ್ಲ ಸ್ವಾಮಿ, ಬಿಚ್ಚಿ ನೋಡದೆ ನಮ್ಮದನ್ನು ಮಾರಿದೆವಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತೆ" ಎಂದರು ಹಿರಿಯಣ್ಣ. ಈ ಲೇಖನದ ಸಾರವೆಲ್ಲ ಅವರ ಆ ಒಂದು ಮಾತಿನಲ್ಲಿದೆ.

ಮೊದಲು ರೋಗ ತಿಳಿಯಿರಿ

ಪೆಟ್ಟಿಗೆಯನ್ನು ಇಳಿಸುವ ಮುಂಚೆಯೇ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಎಂಜಿನ್ ಓಡುತ್ತಿರಲಿ, ಗೇರು ನ್ಯೂಟ್ರಲಿನಲ್ಲಿರಲಿ. ಕ್ಲಚ್ ತುಳಿಯದಿದ್ದಾಗ ಗೊರಗೊರ ಸದ್ದು ಬಂದು, ತುಳಿದ ಕೂಡಲೇ ನಿಂತರೆ ಪೆಟ್ಟಿಗೆಯೊಳಗಿನ ಬೇರಿಂಗು ಸವೆದಿದೆಯೆಂದು ಸಂದೇಹಿಸಬಹುದು. ತುಳಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಅದಕ್ಕಾಗಿ ಗೇರ್ ಬಾಕ್ಸ್ ಬದಲಾಯಿಸುವುದು ಹಲ್ಲುನೋವಿಗೆ ಕಿವಿಗೆ ಔಷಧ ಬಿಟ್ಟಂತೆ. ಗೇರು ಹಾಕುವಾಗ ಕರಕರ ಎಂದರೆ ಒಳಗಿನ ಪಿತ್ತಾಳೆಯ ಸಿಂಕ್ರೋ ಉಂಗುರ ಸವೆದಿರಬಹುದು, ಇಲ್ಲವೇ ಕ್ಲಚ್ ಪೂರ್ತಿ ಬಿಡದೆ ಇರಬಹುದು.

ಬಳಿಕ ಆಯಿಲನ್ನು ಶುದ್ಧವಾದ ಬಾಣಲೆಗೆ ಇಳಿಸಿ ಬಿಸಿಲಿನಲ್ಲಿ ನೋಡಿರಿ. ಹೊಂಬಣ್ಣದ ನುಣ್ಣನೆಯ ಮಿಂಚು ಕಂಡರೆ ಸಿಂಕ್ರೋ ಉಂಗುರದ ಸವಕಳಿ. ಅಯಸ್ಕಾಂತಕ್ಕೆ ಹತ್ತುವ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಮುರಿದಿದೆ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಹಳೆಯದನ್ನು ಕೊಳ್ಳುವುದಾದರೆ

ಕೊಯಮತ್ತೂರಿನ ಉಕ್ಕಡದಂಥ ಕಡೆಗಳಲ್ಲಿ, ತಮಿಳಿನವರು ಕಾಯಲಾನ್ ಕಡೈ ಎನ್ನುವ ಗುಜರಿ ಅಂಗಡಿಗಳಲ್ಲಿ, ಹಳೆಯ ಬಿಡಿಭಾಗಗಳು ದೊರೆಯುತ್ತವೆ. ಇದರ ದೊಡ್ಡ ಗುಣ ಬೇಗ ಕೆಲಸ ಮುಗಿಯುವುದು. ಎರಡು ದಿನಗಳಲ್ಲಿ ಗಾಡಿ ರಸ್ತೆಗೆ ಬಂದೀತು. ದೊಡ್ಡ ದೋಷ, ಅದರ ಪೂರ್ವಚರಿತ್ರೆ ನಮಗೆ ತಿಳಿಯದಿರುವುದು. ಎಷ್ಟು ಓಡಿದೆ, ಎಷ್ಟು ಭಾರ ಹೊತ್ತಿದೆ, ನೀರಿನಲ್ಲಿ ಮುಳುಗಿತ್ತೇ, ಇದಾವುದನ್ನೂ ಹೊರಗಿನ ಬಣ್ಣ ಹೇಳದು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ, 2018ರ ಆಗಸ್ಟಿನಲ್ಲಿ ಪಕ್ಕದ ಕೇರಳದಲ್ಲಿಯೂ ಪ್ರವಾಹಕ್ಕೆ ಸಿಕ್ಕಿ ಮುಳುಗಿದ ವಾಹನಗಳು ಎಷ್ಟೋ. ಅಂಥ ಗಾಡಿಯ ಭಾಗ ಒಣಗಿದ ಮೇಲೆ ಎಲ್ಲದರಂತೆಯೇ ಕಾಣುತ್ತದೆ.

ಆದ್ದರಿಂದ ಮೇಲಿನ ಮುಚ್ಚಳ ತೆಗೆಸಿ ನೋಡದೆ ಹಣ ಕೊಡಕೂಡದು. ಹಲ್ಲಿನ ತುದಿ ಮುರಿದಿದೆಯೇ, ಮೈಯಲ್ಲಿ ಗುಳಿ ಬಿದ್ದಿದೆಯೇ, ತುಕ್ಕಿನ ಕಲೆ ಇದೆಯೇ ನೋಡಿರಿ. ಒಂದೊಂದೇ ಗೇರು ಹಾಕಿ ಶಾಫ್ಟನ್ನು ಕೈಯಿಂದ ತಿರುಗಿಸಿ, ಎಲ್ಲಿಯಾದರೂ ಹಿಡಿಯುತ್ತದೆಯೇ, ಶಾಫ್ಟು ಮೇಲೆ ಕೆಳಗೆ ಅಲ್ಲಾಡುತ್ತದೆಯೇ ಪರೀಕ್ಷಿಸಿರಿ. ಒಂದೇ ಹೆಸರಿನ ಲಾರಿಯಾದರೂ ವರ್ಷಕ್ಕೆ ತಕ್ಕಂತೆ ಹಲ್ಲಿನ ಲೆಕ್ಕ ಬೇರೆಯಿರುವುದುಂಟು. ನಿಮ್ಮ ಕ್ಲಚ್ ಪ್ಲೇಟನ್ನು ಜತೆಗೆ ಒಯ್ದು ಶಾಫ್ಟಿಗೆ ಹೊಂದುತ್ತದೆಯೇ ನೋಡುವುದು ಲೇಸು.

ಇನ್ನೊಂದು ಮಾತು. ಆರ್.ಸಿ. ಪುಸ್ತಕದಲ್ಲಿ ಚಾಸಿಯ ನಂಬರೂ ಎಂಜಿನ್ ನಂಬರೂ ಇರುತ್ತವೆ, ಗೇರ್ ಬಾಕ್ಸಿನ ನಂಬರು ಇರುವುದಿಲ್ಲ. ನಾಳೆ ಅದು ಕಳವಿನ ಮಾಲೆಂದು ತಕರಾರು ಬಂದರೆ ನಿಮ್ಮ ಕೈಯಲ್ಲಿ ಇರಬೇಕಾದದ್ದು ಬಿಲ್ಲು. ಯಾವ ಗಾಡಿಯಿಂದ ತೆಗೆದದ್ದು ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಿರಿ.

ಕಟ್ಟಿಸುವುದಾದರೆ

ನಮ್ಮ ಜಿಲ್ಲೆಗಳಿಗೆ ಒಂದು ಭಾಗ್ಯವುಂಟು. ಯಂತ್ರದ ಕೈಕೆಲಸ ಇಲ್ಲಿಗೆ ಹೊಸತಲ್ಲ. ಜಿ.ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಬಸ್ಸಿನಿಂದ ಸಾರಿಗೆ ಆರಂಭಿಸಿದ್ದೂ, 1937ರಲ್ಲಿ ಕೊಯಮತ್ತೂರಿನಲ್ಲಿ ವಿದ್ಯುತ್ ಮೋಟಾರು ತಯಾರಾದದ್ದೂ ಎಲ್ಲರೂ ಬಲ್ಲ ಸಂಗತಿ. ಇಂದಿಗೂ ಇಲ್ಲಿನವರು ಪಟ್ಟರೆ ಎಂದು ಕರೆಯುವ ಸಣ್ಣ ವರ್ಕ್‌ಶಾಪುಗಳೂ ಲೇತ್ ಅಂಗಡಿಗಳೂ ಊರೂರಿಗೆ ಇವೆ. ಗೇರ್ ಬಾಕ್ಸ್ ಬಿಚ್ಚಿ ಕಟ್ಟಬಲ್ಲ ಕೈಗೆ ಇಲ್ಲಿ ಕೊರತೆಯಿಲ್ಲ.

ಕಟ್ಟಿಸುವಾಗ ಅರ್ಧ ಕೆಲಸ ಬೇಡ. ಬಿಚ್ಚಿದ ಮೇಲೆ ಬೇರಿಂಗುಗಳು, ಆಯಿಲ್ ಸೀಲುಗಳು, ಸವೆದ ಸಿಂಕ್ರೋ ಉಂಗುರಗಳು ಎಲ್ಲವೂ ಹೊಸತಾಗಲಿ. ಒಂದು ಹಲ್ಲುಚಕ್ರ ಹಾಳಾಗಿದ್ದರೆ ಅದರೊಡನೆ ಕಚ್ಚಿ ತಿರುಗುವ ಜೋಡಿಯನ್ನೂ ಬದಲಾಯಿಸತಕ್ಕದ್ದು. ಹೊಸ ಹಲ್ಲು ಸವೆದ ಹಲ್ಲಿನೊಡನೆ ಸೇರಿದರೆ ಸದ್ದೂ ಹೆಚ್ಚು, ಸವಕಳಿಯೂ ಬೇಗ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಕಂಪೆನಿಯ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿಸಿರಿ. ಹಿಂದಿನ ಆಕ್ಸಲಿಗೆ ಹಾಕುವ ಕೆಲವು ಆಯಿಲುಗಳಲ್ಲಿನ ಗಂಧಕ ಪಿತ್ತಾಳೆಯ ಉಂಗುರವನ್ನು ತಿನ್ನಬಲ್ಲದು.

ಪೆಟ್ಟಿಗೆಯ ಹೊರಮೈ ಬಿರಿದಿದ್ದರೆ, ಬೇರಿಂಗು ಕೂರುವ ಜಾಗ ಸವೆದು ಅಗಲವಾಗಿದ್ದರೆ, ಅಥವಾ ಮೂರು ನಾಲ್ಕು ಹಲ್ಲುಚಕ್ರಗಳು ಒಟ್ಟಿಗೆ ಹೋಗಿದ್ದರೆ, ಆಗ ಕಟ್ಟಿಸುವ ಹಟ ಬಿಟ್ಟು ಹಳೆಯದನ್ನು ಹುಡುಕುವುದೇ ಸರಿ.

ಲೆಕ್ಕ ಹಾಕಿ ನೋಡೋಣ

ಮಾತಿಗೆ ಹೀಗೆಂದು ಇಟ್ಟುಕೊಳ್ಳೋಣ. ದರವನ್ನು ನಿಮ್ಮ ಊರಿನಂತೆ ತಿದ್ದಿಕೊಳ್ಳಿರಿ. ಹಳೆಯ ಪೆಟ್ಟಿಗೆಗೆ 40,000 ರೂಪಾಯಿ, ಇಳಿಸಿ ಏರಿಸುವ ಕೂಲಿ 6,000, ದಿನದ ಬಾಡಿಗೆ ನಷ್ಟ 2,000ದಂತೆ ಎರಡು ದಿನಕ್ಕೆ 4,000, ಒಟ್ಟು 50,000. ಕಟ್ಟಿಸಲು 55,000, ಕೂಲಿ 6,000, ಏಳು ದಿನದ ನಷ್ಟ 14,000; ಒಟ್ಟು 75,000. ಹಳೆಯದರಲ್ಲಿ 25,000 ಉಳಿತಾಯ ಕಾಣುತ್ತದೆ. ಆದರೆ ಅದು ಕೈಕೊಟ್ಟು ಕೊನೆಗೆ ಕಟ್ಟಿಸಲೇಬೇಕಾದರೆ ಒಟ್ಟು ಖರ್ಚು 1,25,000. ಮೂವರು ಹಳೆಯದನ್ನು ಕೊಂಡು ಅವರಲ್ಲಿ ಒಬ್ಬನದು ಕೆಟ್ಟರೂ ಸಾಕು, ಮೂವರ ಖರ್ಚನ್ನು ಕೂಡಿಸಿದರೆ 2,25,000. ಮೂವರೂ ಮೊದಲೇ ಕಟ್ಟಿಸಿದ್ದರೆ ಆಗುತ್ತಿದ್ದುದೂ ಅಷ್ಟೇ.

ಕ್ಲಚ್ ಪೆಡಲ್ ಇಲ್ಲದ ಗಾಡಿಗಳು

ಹೊಸ ಲಾರಿ, ಬಸ್ಸುಗಳಲ್ಲಿ ಕ್ಲಚ್ ಪೆಡಲ್ ಇಲ್ಲದವು ಬರುತ್ತಿವೆ. ಇವುಗಳಲ್ಲಿ ಎರಡು ಜಾತಿ. ಎ.ಎಂ.ಟಿ. ಎಂಬುದು ಒಳಗೆ ನಮ್ಮ ಸಾಧಾರಣ ಹಲ್ಲುಚಕ್ರದ ಪೆಟ್ಟಿಗೆಯೇ. ಕೈಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಅದು ಗೇರು ಹಿಡಿಯದಿದ್ದರೆ ಪೆಟ್ಟಿಗೆ ಇಳಿಸುವ ಮುಂಚೆ ವಯರು, ಸೆನ್ಸರು, ಕ್ಲಚ್ ಒತ್ತುವ ಯಂತ್ರ ಇವನ್ನು ಪರೀಕ್ಷಿಸಬೇಕು.

ಇನ್ನೊಂದು ನಿಜವಾದ ಆಟೋಮ್ಯಾಟಿಕ್. ಅದರಲ್ಲಿ ಎಂಜಿನ್ನಿನ ಬಲ ಆಯಿಲಿನ ಮೂಲಕ ಹರಿಯುತ್ತದೆ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಆಯಿಲಿನ ಒತ್ತಡವೇ. ಕಾವು ಅದರ ಶತ್ರು. ಆಯಿಲು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿದೆಯೆಂದು ತಿಳಿಯಿರಿ. ಇದನ್ನು ಮುಚ್ಚಳ ತೆಗೆದು ಕಣ್ಣಿನಿಂದ ಅಳೆಯಲಾಗದು. ಆದ್ದರಿಂದ ಗ್ಯಾರಂಟಿಯಿಲ್ಲದ ಹಳೆಯದನ್ನು ಕೊಳ್ಳುವುದು ಜೂಜೇ ಸರಿ. ಆ ಕೆಲಸ ಕಲಿತ ಮೇಸ್ತ್ರಿಯಿಂದಲೇ ಕಟ್ಟಿಸಿ ಗ್ಯಾರಂಟಿ ಬರೆಸಿಕೊಳ್ಳುವುದು ಮೇಲು. ಆಯಿಲ್ ಕೂಲರನ್ನು ತೊಳೆಸಲು ಮರೆಯಬೇಡಿ. ಅಲ್ಲಿ ಉಳಿದ ಹಳೆಯ ಲೋಹದ ಪುಡಿ ಹೊಸ ಕೆಲಸವನ್ನೂ ಕೆಡಿಸುತ್ತದೆ.

ಹಣಕ್ಕಿಂತ ದೊಡ್ಡದು

ಗೇರು ಹಾರುವ ಗಾಡಿಯಲ್ಲಿ ಲಿವರನ್ನು ಕೈಯಿಂದ ಒತ್ತಿ ಹಿಡಿದೋ, ಟ್ಯೂಬಿನ ರಬ್ಬರಿನಿಂದ ಕಟ್ಟಿಯೋ ಓಡಿಸುವವರನ್ನು ನಾವು ಕಂಡಿದ್ದೇವೆ. ಬಯಲಿನಲ್ಲಿ ಅದು ಕಾಟ, ಘಾಟಿಯಲ್ಲಿ ಪ್ರಾಣಾಪಾಯ. ವಾಲ್ಪಾರೈ ದಾರಿಯಲ್ಲಿ 40, ಬಣ್ಣಾರಿಯಿಂದ ದಿಂಬಕ್ಕೆ 27 ಹೇರ್‌ಪಿನ್ ತಿರುವುಗಳು. ಇಳಿಯುವಾಗ ಗೇರೇ ಅರ್ಧ ಬ್ರೇಕು. ಭಾರ ಹೊತ್ತ ಲಾರಿ ಗೇರು ಬಿಟ್ಟು ಉರುಳತೊಡಗಿದರೆ ಎಲ್ಲ ಹೊರೆಯೂ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ತಪ್ಪುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಇಳಿಸುವವರೂ ಇದನ್ನು ನೆನಪಿಡಬೇಕು.

ಆದ್ದರಿಂದ ನಮ್ಮ ರೈತ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಗೇರು ಹಾರಿದ ದಿನವೇ ಗಾಡಿಯನ್ನು ಘಾಟಿಗೆ ಕಳುಹಿಸುವುದನ್ನು ನಿಲ್ಲಿಸಿರಿ. ನಿಮ್ಮ ಪೆಟ್ಟಿಗೆಯನ್ನು ನಿಮ್ಮೆದುರಿಗೇ ಬಿಚ್ಚಿಸಿರಿ. ಹೊರಮೈ ಗಟ್ಟಿಯಿದ್ದರೆ ಕಟ್ಟಿಸಿರಿ, ಇಲ್ಲದಿದ್ದರೆ ಬೇರೆಯದನ್ನು ಮುಚ್ಚಳ ತೆಗೆಸಿ ನೋಡಿ ಕೊಳ್ಳಿರಿ. ಯಾವುದನ್ನು ಮಾಡಿದರೂ ಕೆಟ್ಟದ್ದಕ್ಕೆ ಕಾರಣವೇನೆಂದು ಕೇಳಿ ತಿಳಿಯದೆ ಗಾಡಿ ಹೊರಡಿಸಬೇಡಿರಿ, ಹಳೆಯದನ್ನು ತೂಕಕ್ಕೆ ಹಾಕಬೇಡಿರಿ.